ಅಣ್ಣನ ಕಾಲಿನ ಇರುವೆಗಳು

ಬರಿಗೈಯಲ್ಲಿ ಯಾರನ್ನೂ ನೋಡಲು ಹೋಗಬಾರದೆಂಬುದು ನಮ್ಮ ಮುಗಳಖೋಡದ ಮನೆಯಲ್ಲಿ ನಾನು ಕಲಿತ ಮೊದಲ ಶಿಷ್ಟಾಚಾರ. ಹಾಗಾಗಿ ತಿಂಗಳಿಗೊಮ್ಮೆ ಕುಡಚಿಯಲ್ಲಿ ರೈಲು ಹತ್ತುವಾಗಲೆಲ್ಲ ನನ್ನ ಚೀಲದಲ್ಲಿ ನಮ್ಮದೇ ಕಬ್ಬಿನ ಪುಟ್ಟದೊಂದು ಬೆಲ್ಲದ ಪೆಂಟೆ, ಹಳೆಯ ಪತ್ರಿಕೆ ಸುತ್ತಿಕೊಂಡು, ನನಗಿಂತ ಗಂಭೀರವಾಗಿ ಕುಳಿತಿರುತ್ತಿತ್ತು. ನಾನು ಹೋಗುತ್ತಿದ್ದುದು ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ವರ್ಷದಿಂದ ಇರುವ ಅಣ್ಣನನ್ನು ನೋಡಲು. ಅವನು ಬೆಲ್ಲ ಮೆಲ್ಲುವುದನ್ನು ಕಂಡರೆ ಅರ್ಧ ಗುಣವಾದನೆಂದೇ ನನಗೆ ಅನಿಸುತ್ತಿತ್ತು.

ಒಂದು ಸಲ ಅವನು, ಕಾಲೊಳಗೆ ಇರುವೆ ಹರಿದಾಡುತ್ತಿವೆ ಎಂದ. ನಾನು ಹೂಂ ಎಂದೆ. ನೀವೇ ಹೇಳಿ, ಬಾವಿಯ ನೀರಿಗೆ ನಾವೇ ವಿಷ ಬೆರೆಸಿದ್ದೇವೆಂದು ಹತ್ತು ವರ್ಷ ನಂಬಿದವನಿಗೆ ಹೂಂ ಅನ್ನದೆ ಇನ್ನೇನು ಅನ್ನಲಿ? ವಾದಿಸಬೇಡಿ ಎಂದು ಡಾಕ್ಟರು ಹೇಳಿದ್ದನ್ನು, ಕಿವಿಗೊಡಬೇಡಿ ಎಂದು ನಾನು ಅರ್ಥಮಾಡಿಕೊಂಡಿದ್ದೆ. ಮೂರು ತಿಂಗಳು ಅವನು ಇರುವೆಯ ಮಾತನ್ನೇ ಆಡಿದ. ಮೂರು ತಿಂಗಳೂ ನಾನು ಬೆಲ್ಲ ಒಯ್ದೆ.

ಕೊನೆಗೆ ಹೊಸದಾಗಿ ಬಂದ ನರ್ಸಬಾಯಿಯೊಬ್ಬರು, ಅವನ ಮಾತು ನಂಬಿದರೋ ಇಲ್ಲವೋ, ಸುಮ್ಮನೆ ಕಾಲುಚೀಲ ಬಿಚ್ಚಿಸಿ ನೋಡಿದರು. ಅಂಗಾಲಿನಲ್ಲಿ ಹುಣ್ಣು, ರಕ್ತ ಪರೀಕ್ಷಿಸಿದರೆ ವಿಪರೀತ ಸಕ್ಕರೆ. ಸಕ್ಕರೆಯಿಂದ ನರ ಕೆಟ್ಟಾಗ ಕಾಲೊಳಗೆ ಇರುವೆ ಹರಿದಂತೆಯೇ ಆಗುತ್ತದಂತೆ. ಮನಸ್ಸಿಗೆಂದು ಕೊಡುವ ಕೆಲವು ಗುಳಿಗೆಗಳೇ ಸಕ್ಕರೆಯನ್ನು ಏರಿಸುತ್ತವಂತೆ, ಆಗಾಗ ನೋಡುತ್ತಿರಬೇಕಂತೆ. ಒಂದು ಬೆರಳು ಹೋಯಿತು. ಪಾದ ಉಳಿದೀತೇ ಎಂಬುದನ್ನು ಇನ್ನೂ ಯಾರೂ ಖಚಿತವಾಗಿ ಹೇಳುತ್ತಿಲ್ಲ.

“ತಲಿಗೆ ಜಡ್ಡ ಬಂದವ್ರಿಗೂ ಕಾಲ ಇರ್ತಾವ್ರಿ, ಅಕ್ಕಾರ,” ಎಂದರು ನರ್ಸಬಾಯಿ, ಮೆಲ್ಲಗೆ. ಅಣ್ಣ ನನ್ನನ್ನು ಬೈಯಲೂ ಇಲ್ಲ. “ನಾ ಹೇಳಿದ್ನಲ್ಲಾ, ತಂಗಿ,” ಎಂದ, ಅಷ್ಟೇ.

ಅಂದಿನಿಂದ ನನಗೆ ತಲೆಬುಡ ತಿಳಿಯದಾಗಿದೆ. ಅವನ ಯಾವ ಮಾತು ರೋಗದ್ದು, ಯಾವುದು ಅವನದು? ದೇಹ ಮತ್ತು ಮನಸ್ಸು ಒಂದೇ ಬಾಯಿಂದ ಮಾತಾಡುವಾಗ ಹೊರಗೆ ಕುಳಿತವರು ಗುರುತಿಸುವುದಾದರೂ ಹೇಗೆ? ಹತ್ತು ವರ್ಷದ ಮಾತುಗಳನ್ನು ಮೊರಕ್ಕೆ ಹಾಕಿ ಕೇರುತ್ತೇನೆ. ಕಾಳು ಯಾವುದು, ಹೊಟ್ಟು ಯಾವುದು ತಿಳಿಯುವುದಿಲ್ಲ. ನಾಚಿಕೆಯಾಗುತ್ತದೆ. ಸಿಟ್ಟೂ ಬರುತ್ತದೆ, ಯಾರ ಮೇಲೆಂದು ಗೊತ್ತಾಗುವುದಿಲ್ಲ.

ಮೊನ್ನೆ ಹೋದಾಗ ಅಣ್ಣ, ಕಿವಿಯಲ್ಲಿ ಯಾರೋ ಪಿಸುಗುಡುತ್ತಾರೆ ಎಂದ. ಆ ದೂರು ಅವನ ರೋಗದಷ್ಟೇ ಹಳೆಯದೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಎದ್ದುಹೋಗಿ ನರ್ಸಬಾಯಿಯನ್ನು ಕರೆದು, ಇವನ ಕಿವಿಯನ್ನೊಮ್ಮೆ ನೋಡಿ ಎಂದೆ. ಅವರು ನಗಲಿಲ್ಲ, ಬ್ಯಾಟರಿ ದೀಪ ತರಲು ಹೋದರು. ಅವರು ಬರುವ ಮೊದಲೇ ಅಣ್ಣ ತಾನಾಗಿ ಕಿವಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಅಲುಗಾಡದೆ ಕಾಯುತ್ತ ಕುಳಿತಿದ್ದ.