ಎಂಟನೇ ಮಹಡಿಯ ಬೀಗರು

ಲಿಫ್ಟು ಎಂಟನೇ ಮಹಡಿಯಲ್ಲಿ ನಿಲ್ಲುವಾಗ ಕೆಮ್ಮುತ್ತದೆ. ಬೇರೆ ಯಾವ ಮಹಡಿಯಲ್ಲೂ ಕೆಮ್ಮುವುದಿಲ್ಲ. ಸಂತ ನಿಕೋಲನ ಹಬ್ಬದ ಆ ಮಧ್ಯಾಹ್ನ ಸ್ತಾಮೆಂಕಾ ಆ ಕೆಮ್ಮಿಗಾಗಿಯೇ ಕಿವಿಯೊಡ್ಡಿ ಕೂತಿದ್ದಳು.

ನವ ಬೆಲ್‌ಗ್ರೇಡು ಎದ್ದು ನಿಲ್ಲುವ ಮೊದಲು, ಸಾವಾ ನದಿಯ ಜೌಗಿಗೆ ಮರಳು ಹೊತ್ತು ಸುರಿದ ಹುಡುಗಿಯರಲ್ಲಿ ಅವಳೂ ಒಬ್ಬಳು. ಕೆಸರಿನಲ್ಲಿ ಹೂತುಹೋದ ಅವಳ ಬೂಟು ಕಿತ್ತುಕೊಡಲು ಬಂದವನು ವೆಲಿಮಿರ್. ಒಂದೇ ಬೂಟು ಸಿಕ್ಕಿತು. ಇನ್ನೊಂದರ ಮೇಲೆಯೇ ಸರ್ಕಾರ ನಮಗೆ ಮನೆ ಕಟ್ಟಿಕೊಟ್ಟಿದೆ ಎಂದು ಅವನು ಸಾಯುವ ತನಕ ಹೇಳುತ್ತಿದ್ದ. ಅವಳು ಬ್ರೆಡ್ಡಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದಳು. ಮಕ್ಕಳಾಗಲಿಲ್ಲ.

ಈಗ ಉಳಿದಿದ್ದು ಗೋಡೆಯ ಮೇಲಿನ ಮನೆದೇವರು ಸಂತ ನಿಕೋಲನ ಪಟ. ಅದಕ್ಕೂ ಕುತ್ತು ಬಂದಿತ್ತು. ಹೋದ ವರ್ಷದ ಹಬ್ಬಕ್ಕೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಅತಿಥಿಯಿಲ್ಲದ ಮನೆಯಲ್ಲಿ ಸಂತನನ್ನು ಒಂಟಿಯಾಗಿ ಕೂರಿಸಬಾರದು, ಈ ಸಲವೂ ಹೀಗೇ ಆದರೆ ಪಟ ತನ್ನ ಮನೆಗೆ ಎಂದು ಮೈದುನ ತಿಹೊಮಿರ್ ಮೊದಲೇ ಹೇಳಿಬಿಟ್ಟಿದ್ದ. ಪಟ ಸುತ್ತಿಕೊಂಡು ಹೋಗಲು ಕಂಬಳಿ ಸಮೇತ ಬಂದು ಸೋಫಾದಲ್ಲಿ ಕೂತಿದ್ದ.

ಲಿಫ್ಟು ಕೆಮ್ಮಿತು. ಬಾಗಿಲ ಗಂಟೆ ಸದ್ದಾಯಿತು.

ಬಾಗಿಲಲ್ಲಿ ದಪ್ಪ ಮೀಸೆಯ ಗಂಡಸು, ಟೋಪಿಯ ಹೆಂಗಸು, ಅವರ ಹಿಂದೆ ವೈನು ಹಿಡಿದ ಇಬ್ಬರು ಹುಡುಗರು, ನೋಡಿದರೇ ಅಣ್ಣತಮ್ಮಂದಿರು. ಸ್ತಾಮೆಂಕಾ ಅವರನ್ನು ಹಿಂದೆಂದೂ ಕಂಡಿರಲಿಲ್ಲ.

"ಬೀಗಿತ್ತಿ, ಕೊನೆಗೂ ನಿಮ್ಮ ಮುಖ ನೋಡೋ ಹಾಗಾಯ್ತಲ್ಲ," ಎಂದು ಟೋಪಿಯ ಹೆಂಗಸು ಅವಳ ಕೆನ್ನೆಗೆ ಮೂರು ಸಲ ಮುತ್ತಿಟ್ಟಳು.

ಈ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ. ನೆನಪಿದ್ದವರು ಬರುತ್ತಾರೆ, ಬಂದವರನ್ನು ಯಾರು ನೀವು ಎಂದು ಕೇಳುವ ಹಾಗಿಲ್ಲ. ಸ್ತಾಮೆಂಕಾ ಕೇಳಲಿಲ್ಲ. ಬೇಯಿಸಿದ ಸಿಹಿ ಗೋಧಿಯ ಬಟ್ಟಲನ್ನೂ ಚಮಚಗಳನ್ನೂ ಮುಂದೆ ಹಿಡಿದಳು.

ಅವರು ಮಾತಾಡುತ್ತಾ ಹೋದಂತೆ ವಿಷಯ ತಾನಾಗಿ ತಿಳಿಯಿತು. ಅವರ ಮಗಳು ಹೇಳದೆ ಕೇಳದೆ ಮದುವೆಯಾಗಿ ಈ ಬಡಾವಣೆಯ ಯಾವುದೋ ಎಂಟನೇ ಮಹಡಿಗೆ ಸೊಸೆಯಾಗಿ ಬಂದಿದ್ದಳು. ಕೋಪ ಇಳಿದ ಮೇಲೆ ಬೀಗರನ್ನು ನೋಡಲು ಇವರು ಹೊರಟಿದ್ದರು. ಇಲ್ಲಿ ಕಟ್ಟಡಗಳೆಲ್ಲ ಒಂದೇ ಅಚ್ಚಿನವು, ಬಾಗಿಲ ಬಣ್ಣವೂ ಒಂದೇ; ಕೆಳಗಿನ ಬಾಗಿಲ ಮೇಲಿನ ನಂಬರೊಂದೇ ಗುರುತು.

"ಹುಡುಗಿ ಎಲ್ಲಿ?" ಎಂದ ಮೀಸೆಯವನು.

"ಬ್ರೆಡ್ ತರೋಕೆ ಹೋಗಿದಾಳೆ," ಎಂದಳು ಸ್ತಾಮೆಂಕಾ. ಬ್ರೆಡ್ಡು ಮೇಜಿನ ಮೇಲೆಯೇ ಇತ್ತು. ಯಾರೂ ಅತ್ತ ನೋಡಲಿಲ್ಲ.

ಮೀನು ಬಂತು, ಅಕ್ಕಿ ತುಂಬಿದ ಕೋಸಿನೆಲೆಯ ಸುರುಳಿ ಬಂತು. ನಮ್ಮ ಮಗಳು ಕೋಪಿಷ್ಠೆ, ಸಹಿಸಿಕೊಳ್ಳಿ ಎಂದು ಹೆಂಗಸು ಕಣ್ಣೊರೆಸಿಕೊಂಡಳು. ಬಂಗಾರದಂಥ ಹುಡುಗಿ ಎಂದು ಸ್ತಾಮೆಂಕಾ ಸಮಾಧಾನ ಹೇಳಿದಳು. ಹೇಳುತ್ತಲೇ ಆಕೆಯ ತಟ್ಟೆಗೆ ಇನ್ನೊಂದು ಸುರುಳಿ ಬಡಿಸಿದಳು. ಮೀಸೆಯವನು ತಿಹೊಮಿರನನ್ನು ಬಾಚಿ ತಬ್ಬಿಕೊಂಡು ಬೀಗರೇ ಎಂದ. ಮೂರನೇ ಲೋಟಕ್ಕೆ ತಿಹೊಮಿರನೂ ಅಣ್ಣನಿಗೆ ಹುಟ್ಟದೇ ಇದ್ದ ಮಗನ ಬಾಲ್ಯದ ತುಂಟಾಟಗಳನ್ನು ವರ್ಣಿಸತೊಡಗಿದ್ದ. ಕಂಬಳಿಯ ಮೇಲೆ ಅಣ್ಣತಮ್ಮಂದಿರು ಕೂತಿದ್ದರು.

ಸಿಗರೇಟು ಸೇದಲು ಬಾಲ್ಕನಿಗೆ ಹೋದ ತಿಹೊಮಿರ್ ಅಲ್ಲಿಂದಲೇ ಅತ್ತಿಗೆಯನ್ನು ಕರೆದ. ಕೆಳಗೆ ಮಂಜಿನಲ್ಲಿ ನದಿ ಕಾಣುತ್ತಿರಲಿಲ್ಲ. ಅವನು ನೋಡುತ್ತಿದ್ದುದು ಕೋಸಿನ ಉಪ್ಪಿನಕಾಯಿಯ ಪೀಪಾಯಿಯನ್ನು. ಮುಚ್ಚಳದ ಮೇಲಿನ ಕಲ್ಲಿನಡಿಯಲ್ಲಿ ನೀಲಿ ತಗಡೊಂದರ ಅಂಚು ಇಣುಕುತ್ತಿತ್ತು.

"ಅತ್ತಿಗೆ, ಇದು ಕೆಳಗಿನ ಬಾಗಿಲ ಮೇಲಿದ್ದ ಕಟ್ಟಡದ ನಂಬರಲ್ವಾ?"

"ಗಾಳಿಗೆ ಬಿತ್ತು. ಕೋಸಿಗೆ ಭಾರ ಬೇಕಿತ್ತು."

"ಯಾವತ್ತು ಬಿತ್ತು?"

"ಬೆಳಿಗ್ಗೆ."

"ಬೆಳಿಗ್ಗೆ ಗಾಳಿನೇ ಇರಲಿಲ್ಲವಲ್ಲ. ಪಕ್ಕದ ಕಟ್ಟಡದ್ದೂ ಇದರಡೀಲೇ ಇದೆ. ಅತ್ತಿಗೆ, ನೀವು ಇದನ್ನ..."

ಹೊರಗೆ ಲಿಫ್ಟು ಕೆಮ್ಮಿತು. ಸ್ತಾಮೆಂಕಾ ಏಪ್ರನ್ನಿಗೆ ಕೈ ಒರೆಸಿಕೊಂಡು, ಇನ್ನೊಂದಿಷ್ಟು ಚಮಚ ಎತ್ತಿಕೊಂಡು ಬಾಗಿಲ ಕಡೆ ನಡೆದಳು.