ತಿರುವಿ ಕೂಡಿಸು ಅಂದವನ ಹೆಂಡತಿ

ನಿಖಿಲನ ಹೆಸರೆತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಗೋವಾದ ಕೊರ್ತಾಲಿಮ್‌ನಲ್ಲಿ ಅವರದು ನಮ್ಮ ಮಹಡಿಯಲ್ಲೇ ಎದುರು ಮನೆ. ಹೆಂಡತಿ ಮೃದುಲಾ ಧಾರವಾಡದಲ್ಲಿ ಗಣಿತ ಎಂ.ಎಸ್ಸಿ. ಮಾಡಿ ಬಂದವಳು. ಮದುವೆಯಾದ ಮೇಲೆ ಆ ಓದೆಲ್ಲ ಕುಕ್ಕರಿನ ಸೀಟಿ ಎಣಿಸುವುದಕ್ಕೆ ಬಂತು. ಮಗಳು ಸಮೀಕ್ಷಾ ಇನ್ನೂ ಚಿಕ್ಕವಳು, ಬಿಟ್ಟು ಹೋಗುವ ಹಾಗಿಲ್ಲ ಎಂಬುದು ಅವನ ಪಾಠ. ಆ ಮಗುವಿಗೆ ಅಪ್ಪನೂ ಒಬ್ಬನಿದ್ದಾನೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಕಾಣಕೋಣದ ಒಂದು ಶಾಲೆಯಿಂದ ಗಣಿತ ಟೀಚರ್ ಕೆಲಸದ ಸಂದರ್ಶನಕ್ಕೆ ಅವಳಿಗೆ ಕರೆ ಬಂತು. ಶನಿವಾರ ಬೆಳಿಗ್ಗೆ. ಅವನಿಗೂ ಅವತ್ತು ರಜೆ. ಒಂದು ದಿನ ಮಗಳನ್ನು ನೋಡಿಕೊಳ್ಳಿ ಅಂದದ್ದಕ್ಕೆ, ಲೆಕ್ಕ ಬಿಡಿಸಿದರೆ ನೋಡಿಕೊಳ್ಳುತ್ತೇನೆ ಎಂದು ಮಹಾರಾಯ ಪಂದ್ಯ ಕಟ್ಟಿದ. ಅವನ ಅಪ್ಪನ ಕಾಲದಿಂದ ಬಂದ ಚಾಳಿ ಅದು: ಆ ಮನೆಯ ಹೆಂಗಸರು ಏನು ಕೇಳಿದರೂ ಮೊದಲು ಒಂದು ಲೆಕ್ಕ ಬಿಡಿಸಬೇಕು. ತವರಿಗೆ ಹೋಗುವುದಕ್ಕೂ!

"89 ತಗೋ. ತಿರುವಿ ಬರದು ಕೂಡಿಸು. ಬಂದದ್ದನ್ನ ಮತ್ತ ತಿರುವಿ ಕೂಡಿಸು. ಹಿಂದಿಂದ ಓದಿದ್ರೂ ಮುಂದಿಂದ ಓದಿದ್ರೂ ಒಂದ ಆಗೂ ತನಕ ಬಿಡಂಗಿಲ್ಲ."

47ಕ್ಕೆ 74 ಕೂಡಿಸಿದರೆ 121, ಅಲ್ಲಿಗೆ ಆಟ ಮುಗಿಯಿತು. 89 ಹಾಗಲ್ಲ, ಜೀವ ಹಿಂಡುತ್ತದೆ. ಮೃದುಲಾ ಒಗ್ಗರಣೆ ಹಾಕುತ್ತಲೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೂಡಿಸುತ್ತ ಹೋದಳು. ಕೊನೆಗೆ 8813200023188 ಬಂತು. ಹಾಳೆ ಹಿಡಿದು ನಮ್ಮ ಮನೆಗೇ ಓಡಿ ಬಂದಳು.

"ನಡುವ ಮೂರು ಸೊನ್ನಿ ನೋಡ್ರಿ ಅಕ್ಕಾ, ಆಕಡೆ ಈಕಡೆ ಎಲ್ಲಾ ಜೋಡಿ!"

ಅಷ್ಟು ಖುಷಿಯಾಗಿ ಅವಳನ್ನು ನಾನು ಎಂದೂ ನೋಡಿರಲಿಲ್ಲ. ಆದರೆ ಕೊಟ್ಟ ಮಾತಿಗೆ ನಿಲ್ಲುವ ಮನುಷ್ಯನೇ ಅವನು? "ಇದು ಭಾಳ ಸರಳ ಆತು" ಎಂದು 196 ಕೊಟ್ಟ.

ಶುಕ್ರವಾರವಿಡೀ ಕೂಡಿಸಿದಳು. ಸಂಖ್ಯೆ ಹಾಳೆಯ ಅಗಲ ಮೀರಿ ಬೆಳೆಯಿತೇ ಹೊರತು ಎರಡೂ ಕಡೆಯಿಂದ ಒಂದಾಗಲಿಲ್ಲ. ಶನಿವಾರ ಬೆಳಿಗ್ಗೆ ನಾನು ಹಾಲು ತಗೊಂಡು ಮೇಲೆ ಬಂದರೆ ಅವರ ಬಾಗಿಲು ತೆರೆದಿತ್ತು. ಅವಳು ಹೊರಡುವ ಸೀರೆ ಉಟ್ಟು ಇನ್ನೂ ಪೆನ್ಸಿಲ್ ಹಿಡಿದು ಕೂತಿದ್ದಳು. ಅವನು ಚಹಾ ಕುಡಿಯುತ್ತ ನಗುತ್ತಿದ್ದ.

"ಹುಚ್ಚಿ, ಅದರ ಕೊನಿ ಜಗತ್ತಿನಾಗ ಯಾರಿಗೂ ಸಿಕ್ಕಿಲ್ಲ. ಕಂಪ್ಯೂಟರ್ ಹಚ್ಚಿ ಕೋಟಿಗಟ್ಟಲೆ ಅಂಕಿ ತನಕ ಹುಡುಕ್ಯಾರ. ನಿನಗ ಸಿಗ್ತದೇನು?"

ಕೈಯಲ್ಲಿದ್ದ ಹಾಲಿನ ಪಾಕೀಟು ಅವನ ಮುಖಕ್ಕೆ ಬೀಸಬೇಕು ಅನ್ನಿಸಿತು. ಮೃದುಲಾಳ ಮುಖ ಕೆಂಪಗಾಗಿತ್ತು. ಎದ್ದವಳೇ ಮಗಳನ್ನು ಅವನ ತೊಡೆಯ ಮೇಲೆ ಕೂರಿಸಿದಳು, ಪೆನ್ಸಿಲನ್ನು ಅವನ ಕೈಗೆ ತುರುಕಿದಳು.

"ಹಂಗಾರ ಮುಂದಿಂದು ನೀವ ಕೂಡಿಸ್ರಿ. ಒಂದ ಆದ ದಿನ ಫೋನ್ ಮಾಡ್ರಿ. ಅವತ್ತ ನಾ ರಜಾ ಹಾಕಿ ಮನ್ಯಾಗ ಇರ್ತೀನಿ."

ಚಪ್ಪಲಿ ಮೆಟ್ಟಿ ಬಸ್ಸಿಗೆ ಇಳಿದೇ ಹೋದಳು. ಈಗ ಆ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಫೋನ್ ಇನ್ನೂ ಬಂದಿಲ್ಲ.