ಫೈಲಿನ ತಲೆಯ ಮೇಲೆ ಹೆಸರು

ಹಾಲೇಶಣ್ಣ ಕೀಬೋರ್ಡ್ ಒತ್ತುತ್ತಿರಲಿಲ್ಲ, ಗುದ್ದುತ್ತಿದ್ದ. ಸಿಟ್ಟು ನೆತ್ತಿಗೇರಿದರೆ ಅದನ್ನೇ ಎತ್ತಿ ಟೇಬಲ್ಲಿನ ಅಂಚಿಗೆ ಅಪ್ಪಳಿಸುತ್ತಿದ್ದ; ಅಕ್ಷರಗಳು ಮುರಿದ ಹಲ್ಲಿನಂತೆ ನೆಲದ ತುಂಬ ಚೆಲ್ಲುತ್ತಿದ್ದವು. ಆಮೇಲೆ ತಾನೇ ಮೊಣಕಾಲೂರಿ ಒಂದೊಂದನ್ನೇ ಆರಿಸಿ, ಹಿಟ್ಟು ಊದಿ, ಮತ್ತೆ ಕೂರಿಸುತ್ತಿದ್ದ. ಹಿಟ್ಟು ಯಾಕೆಂದರೆ, ವಿನೋಬನಗರದ ನಮ್ಮ ಅಂಗಡಿ ಇದ್ದದ್ದು ಹಿಟ್ಟಿನ ಗಿರಣಿಯ ಮೇಲೆ. ಅಲ್ಲಿ ನಾವಿಬ್ಬರೂ ಊರಿನ ಅಂಗಡಿ, ಕಾರ್ಖಾನೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆವು.

ಅವನು ಹರಿಹರದಲ್ಲಿ ಹದಿನೈದು ವರ್ಷ ಕಬ್ಬಿಣ ಕಡೆಯುವ ಲೇತ್ ಮೇಲೆ ದುಡಿದವನು. ಆ ಕೆಲಸ ಹೋದ ಮೇಲೆ, ವೆಬ್ ಪುಟಗಳನ್ನು ಆಡಿಸುವ ಭಾಷೆ ಜಾವಾಸ್ಕ್ರಿಪ್ಟನ್ನು ತಾನೇ ಕಲಿತ. ನಾನು ಏಳನೇ ತರಗತಿಗೇ ಶಾಲೆ ಬಿಟ್ಟವನು. ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ಬೆವರು ಹರಿಸಿ, ಮೂವತ್ತರ ಹೊತ್ತಿಗೆ ಅವನ ಹತ್ತಿರ ಬಂದೆ. ಎಷ್ಟು ಓದಿದ್ದೀಯ ಅಂತ ಕೇಳದೆ ಕೆಲಸ ಕೊಟ್ಟವನು ಅವನೊಬ್ಬನೇ. ವರ್ಷ ತುಂಬುವುದರೊಳಗೆ ಡಿಗ್ರಿಯವರಿಗಿಂತ ಚೊಕ್ಕವಾಗಿ ಕೆಲಸ ಮಾಡುತ್ತಿದ್ದೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ವಿದ್ಯಾನಗರದ ಗಿರಾಕಿಯೊಬ್ಬರು ಒಮ್ಮೆ, "ಇವರೇನು ಓದಿದಾರ್ರಿ?" ಅಂತ ಮೂಗೆಳೆದರು. ಅವರು ಮೆಟ್ಟಿಲಿಳಿಯುವ ಮೊದಲೇ ಅವರು ಕೂತಿದ್ದ ಕುರ್ಚಿ ಇಳಿದು ಹೋಯಿತು, ಹಾಲೇಶಣ್ಣನ ಕೈಯಿಂದ.

ಆ ಕೈ ನನಗೂ ಬಿದ್ದಿದೆ. ಲೈಬ್ರರಿ ಎಂದರೆ ಪುಟಕ್ಕೆ ಬೇಕಾದ ಕೆಲಸಗಳನ್ನು ಮೊದಲೇ ಬರೆದಿಟ್ಟ ಕಟ್ಟು. ಚಿತ್ರಗಳನ್ನು ಕುಣಿಸುವ ಪ್ಲಗಿನ್ ಅದರ ಹೆಗಲ ಮೇಲೆ ಕೂರುತ್ತದೆ. ಎರಡರ ವರ್ಷನ್ ಹೊಂದದಿದ್ದರೆ ಯಾವುದೂ ಅಲುಗುವುದಿಲ್ಲ. ನಾನು ಬಂದ ಹೊಸತರಲ್ಲಿ ಒಂದು ಸೈಟಿನ ಲೈಬ್ರರಿಯನ್ನಷ್ಟೇ ಬದಲಾಯಿಸಿದೆ.

"ಹೊಸದು ಬಂದಿತ್ತಣ್ಣ, ಅದ್ಕೆ ಹಾಕ್ದೆ."

ಕೆನ್ನೆಗೆ ಬಿತ್ತು. "ಹೊಸಾ ನಟ್ಟು ಹೊಳಿತೈತೆ ಅಂತ ಹಳೇ ಬೋಲ್ಟಿಗೆ ತಿರುಪ್ತಿಯೇನಲೇ? ಎರಡೂ ಹಾಳಾಗ್ತಾವೆ!"

ಅವನ ಲೇತ್ ಶೆಡ್ಡಿನಲ್ಲಿ, ಕೂಡಿದ ನಟ್ಟು ಬೋಲ್ಟನ್ನು ತಂತಿ ಸುತ್ತಿ ಒಟ್ಟಿಗೇ ಇಡುತ್ತಿದ್ದರಂತೆ. ಹಾಗೆಯೇ ಅವನು, ಒಂದಕ್ಕೊಂದು ಹೊಂದುವ ಲೈಬ್ರರಿ, ಪ್ಲಗಿನ್ನುಗಳ ನಂಬರನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಬರೆದು ಸುತ್ತ ಗೆರೆ ಎಳೆಯುತ್ತಿದ್ದ. ಗೆರೆ ಒಡೆದವನಿಗೆ ಏಟು. ಪಾಳಿ ಮುಗಿಸಿದವನು ಲೇತ್ ಪಕ್ಕದ ಹಲಗೆಯಲ್ಲಿ ಹೆಸರು ಬರೆದು ಹೋಗುವಂತೆ, ಫೈಲಿಗೆ ಕೈ ಹಾಕಿದವನು ಅದರ ತಲೆಯ ಮೇಲೆ ತನ್ನ ಹೆಸರು, ಮಾಡಿದ ಕೆಲಸ ಎರಡನ್ನೂ ಬರೆಯಬೇಕು. ಬರೆಯದವನಿಗೆ ಎರಡೇಟು.

ಹರಿಹರದ ಪಂಪ್ ಕಾರ್ಖಾನೆಯೊಂದರ ಸೈಟಿನ ಮೇಲೆ ಅವನಿಗೆ ಪ್ರಾಣ. ಪುಟ ತೆರೆದರೆ ಪಂಪಿನ ಭಾಗಗಳು ನಾಲ್ಕೂ ಕಡೆಯಿಂದ ಹಾರಿ ಬಂದು ಕೂಡಿಕೊಳ್ಳುತ್ತಿದ್ದವು. ಒಂದು ಶನಿವಾರ ಅವನಿಲ್ಲದಾಗ ಮಾಲೀಕರು ಫೋನ್ ಮಾಡಿ, ಪುಟದ ಕೆಳಗೊಂದು ಫೋಟೊ ಸಾಲು ಬೇಕೆಂದರು. ನಾನು ಆರಿಸಿದ ಪ್ಲಗಿನ್ನಿಗೆ ಹೊಸ ಲೈಬ್ರರಿಯೇ ಬೇಕಿತ್ತು. ಹಳೆಯದನ್ನು ಹಾಗೇ ಬಿಟ್ಟು, ಕೊನೆಯಲ್ಲಿ ಹೊಸದನ್ನೂ ಸೇರಿಸಿದೆ. ಫೋಟೊಗಳು ಚೆಂದಾಗಿ ಸರಿದವು. ಪುಟದ ಮೇಲಕ್ಕೆ ಹೋಗಿ ಪಂಪು ನೋಡಲಿಲ್ಲ. ಹೆಸರನ್ನೂ ಬರೆಯಲಿಲ್ಲ, ಬರೆದರೆ ಗೆರೆ ಒಡೆದದ್ದು ಗೊತ್ತಾಗುತ್ತಿತ್ತು. ಫೋನ್ ಬಂದದ್ದನ್ನೂ ಅವನಿಗೆ ಹೇಳಲಿಲ್ಲ.

ಸೋಮವಾರ ಕಾರ್ಖಾನೆಗೆ ಹೊರಗಿನಿಂದ ಖರೀದಿದಾರರು ಬಂದಿದ್ದರು. ಅವರೆದುರು ಪುಟ ತೆರೆದರೆ ಪಂಪಿನ ಭಾಗಗಳೆಲ್ಲ ಒಂದು ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು. ಮಾಲೀಕರು ಫೋನಿನಲ್ಲಿ ಬೈದರಷ್ಟೇ, ಶನಿವಾರದ ಮಾತೆತ್ತಲಿಲ್ಲ; ಫೋನಿಟ್ಟ ಹಾಲೇಶಣ್ಣ ನನ್ನತ್ತ ತಿರುಗಿದ.

"ನೀನೇನಾರ ಮುಟ್ಟಿದ್ಯೇನಲೇ?"

"ಇಲ್ಲಣ್ಣ."

ಅಷ್ಟೇ. ನಂಬಿದ. ಬೈಕಿನಲ್ಲಿ ಹರಿಹರಕ್ಕೆ ಹೊರಟೆವು.

ಕ್ಯಾಬಿನ್ನಿನಲ್ಲಿ ಮಾಲೀಕರ ಭಾವಮೈದ ಮಂಜಣ್ಣ ಕಾದಿದ್ದ. ಸೈಟಿನ ಪಾಸ್‌ವರ್ಡ್ ಅವನ ಹತ್ತಿರವೂ ಇತ್ತು. "ಏಳನೇ ಕ್ಲಾಸಿನೋರ ಕೈಗೆ ಕೊಟ್ರೆ ಪಂಪು ಎಲ್ಲಿ ಕಾಣ್ತೈತ್ರಿ? ಗುಜರಿನೇ ಕಾಣೋದು," ಅಂತ ನಕ್ಕ.

"ನೀನೇ ಕೆಡಿಸಿ, ನಮ್ಮೋನ ಮ್ಯಾಲೆ ಹಾಕ್ತಿಯಾ?"

ಹಾಲೇಶಣ್ಣ ಅವನ ಕೂದಲು ಹಿಡಿದು ಮುಖವನ್ನು ಟೇಬಲ್ಲಿಗೆ ಅಪ್ಪಳಿಸಿದ. ಮತ್ತೊಮ್ಮೆ ಅಪ್ಪಳಿಸಿದ. ಮೂಗು ಮುರಿದ ಸದ್ದು ನನಗೆ ಕೇಳಿತು. ಪಂಪಿನ ಕ್ಯಾಟಲಾಗ್ ಮೇಲೆ ರಕ್ತ ಹರಿಯಿತು. ಖರೀದಿದಾರರು ಗೋಡೆಗೆ ಒತ್ತಿಕೊಂಡು ನಿಂತರು.

ಅದೇ ರಕ್ತದ ಕೈಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಫೈಲ್ ತೆರೆದ. ಮೇಲೊಂದು ಲೈಬ್ರರಿ, ಕೆಳಗೊಂದು. ಎರಡಕ್ಕೂ ಹೆಸರು ಒಂದೇ. ಆಮೇಲೆ ಬಂದದ್ದು ಮೊದಲಿನದರ ಜಾಗ ಕಿತ್ತುಕೊಂಡಿತ್ತು. ಪಂಪಿನ ಪ್ಲಗಿನ್ ಹೆಗಲಿಲ್ಲದೆ ಬೀದಿಗೆ ಬಿದ್ದಿತ್ತು. ಹೊಸ ಕೆಲಸದ ಮೊದಲು ಮೂರು ಸಾಲು ಖಾಲಿ ಬಿಡುವುದು ನನ್ನ ಚಾಳಿ. ಅಲ್ಲಿ ಮೂರು ಸಾಲು ಖಾಲಿ ಇದ್ದವು. ಅವನು ನನ್ನನ್ನು ಒಮ್ಮೆ ನೋಡಿದ. ಅಲ್ಲಿಂದ ಕೆಳಗಿದ್ದದ್ದನ್ನೆಲ್ಲ ಅಳಿಸಿದ. ಪಂಪಿನ ಭಾಗಗಳು ಹಾರಿ ಬಂದು ಕೂಡಿಕೊಂಡವು.

ಹಾಲೇಶಣ್ಣ ಎದ್ದು ಹೋಗಿ ಕಿಟಕಿಯಲ್ಲಿದ್ದ ಸ್ಪ್ಯಾನರ್ ತಂದು, ಮೂಗು ಒತ್ತಿ ಹಿಡಿದು ಕೂತಿದ್ದ ಮಂಜಣ್ಣನ ಕೈಗೆ ಕೊಟ್ಟ. ತನ್ನ ಬಲಗೈಯನ್ನು ಟೇಬಲ್ ಮೇಲೆ ಅಂಗಾತ ಚಾಚಿದ.

"ತಪ್ಪು ನಮ್ಮದೇ. ಹೊಡಿ."

"ನಾನ್ರಿ ಮಾಡಿದ್ದು" ಎಂಬ ಎರಡೇ ಮಾತು ಸಾಕಿತ್ತು. ಏಳನೇ ಕ್ಲಾಸಿನವನು ಅಂತ ನಕ್ಕ ಆ ಮನುಷ್ಯನ ಎದುರು ಅವನ್ನು ನಾನು ಆಡಲಿಲ್ಲ. ಸ್ಪ್ಯಾನರ್ ಬಿತ್ತು. ಹಾಲೇಶಣ್ಣ ಹಲ್ಲು ಕಚ್ಚಿದ, ಕೈ ಎಳೆಯಲಿಲ್ಲ. ಮತ್ತೆ ಬಿತ್ತು. ಮೂರನೆಯದನ್ನು ಮಾಲೀಕರು ಅಡ್ಡ ಬಂದು ತಡೆದರು.

ವಾಪಸು ಬರುವಾಗ ಬೈಕ್ ನಾನು ಓಡಿಸಿದೆ. ಆಸ್ಪತ್ರೆಗೆ ಅಂದರೆ, "ಮೊದ್ಲು ಅಂಗಡಿಗೆ ನಡಿ," ಅಂದ. ಕೈಗೆ ಎಣ್ಣೆಬಟ್ಟೆ ಸುತ್ತಿಕೊಂಡು ಹಿಂದೆ ಕೂತಿದ್ದ. ಈಗ ಬೀಳುತ್ತದೆ ಏಟು ಅಂತ ದಾರಿಯುದ್ದಕ್ಕೂ ಕತ್ತು ಬಿಗಿ ಹಿಡಿದಿದ್ದೆ. ಬೀಳಲಿಲ್ಲ. ಅಂಗಡಿಗೆ ಬಂದವನೇ ಅದೇ ಫೈಲ್ ತೆಗೆಸಿದ.

"ಬರಿ."

"ಅಣ್ಣ, ನಿನ್ನ ಕೈ..."

"ಬರೀಲೇ."

'ಎರಡನೇ ಲೈಬ್ರರಿ ಹಾಕಿದ್ದು ನಾನು' ಅಂತ ಬರೆದು ಹೆಸರು ಹಾಕಿದೆ. ಅದು ಸೈಟಿಗೆ ಏರುವ ತನಕ ನಿಂತು ನೋಡಿದ. ಅಂಗಡಿಯ ಕೀಲಿಕೈಯನ್ನು ಟೇಬಲ್ ಮೇಲಿಟ್ಟು ಮೆಟ್ಟಿಲಿಳಿದ.

ಮತ್ತೆ ಹತ್ತಲಿಲ್ಲ. ಹೆಂಡತಿಯ ಊರು ಹದಡಿಯಲ್ಲಿದ್ದಾನೆಂದು ಕೇಳಿ ಹೋದೆ. "ಮನ್ಯಾಗಿಲ್ರಿ," ಅಂದರು ಅವನ ಹೆಂಡತಿ. ಅವನ ಚಪ್ಪಲಿ ಬಾಗಿಲಲ್ಲೇ ಇತ್ತು.

ಹರಿಹರದ ಆ ಪಂಪು ಈಗಲೂ ಕೂಡಿಕೊಂಡು ತಿರುಗುತ್ತಿದೆ. ಪುಟ ನೋಡುವವರಿಗೆ ನನ್ನ ಹೆಸರಿನ ಆ ಸಾಲು ಕಾಣುವುದಿಲ್ಲ. ಆದರೆ ಪುಟದ ಒಳಗಿನ ಬರಹವನ್ನು ತೆರೆದರೆ, ಯಾವ ದೇಶದವರಿಗೇ ಆಗಲಿ, ಎಲ್ಲಕ್ಕೂ ಮೇಲೆ ಮೊದಲು ಸಿಗುವುದು ಅದೇ. ಪಾಸ್‌ವರ್ಡ್ ನನ್ನ ಹತ್ತಿರವಿದೆ. ಅಳಿಸಿಲ್ಲ.